ಸರಕು ಹೋಯಿತು, ಸಂಸಾರ ಬಂತು

ಗೋಡೌನ್ ಎಂಬುದು ಇಂಗ್ಲಿಷ್ ಪದವೆಂದೇ ನಮ್ಮ ಪೇಟೆಗಳಲ್ಲಿ ಬಳಕೆ. ಆದರೆ ಇಂಗ್ಲೆಂಡಿನ ಜನ ಸಾಮಾನ್ಯವಾಗಿ ಆ ಪದವನ್ನು ಆಡುವುದಿಲ್ಲ. ಅಲ್ಲಿ ಅದು ವೇರ್‌ಹೌಸ್. ಗೋಡೌನ್ ಎಂಬುದನ್ನು ಅವರು ಏಷ್ಯದ ಬಂದರುಗಳಲ್ಲಿ ಮಲಯ ವ್ಯಾಪಾರಿಗಳ ಮತ್ತು ಪೋರ್ಚುಗೀಸರ ಬಾಯಿಂದ ಎತ್ತಿಕೊಂಡರು. ಮಲಯರಿಗೆ ಅದು ತೆಲುಗಿನ ಗಿಡ್ಡಂಗಿಯಿಂದಲೋ ತಮಿಳಿನ ಕಿಡಂಗಿನಿಂದಲೋ ಹೋಗಿರಬೇಕೆಂದು ನಿಘಂಟುಕಾರರ ಊಹೆ. ನಮ್ಮ ಗಡಂಗು ಕೂಡ ಅದೇ ಬಳಗಕ್ಕೆ ಸೇರಿದ್ದಿರಬಹುದು. ದಾಸ್ತಾನಿನ ಜಾಗಕ್ಕಿದ್ದ ಹೆಸರು ಬರಬರುತ್ತ ಹೆಂಡದಂಗಡಿಗೆ ಮಾತ್ರ ಉಳಿದುಕೊಂಡಿತೆಂದರೆ ಆಶ್ಚರ್ಯಪಡಬೇಕಾದ್ದಿಲ್ಲ.

ಹೆಸರು ಯಾವುದಾದರೂ ಕಟ್ಟಡದ ಸ್ವರೂಪ ಒಂದೇ. ದಪ್ಪ ಗೋಡೆ, ಚಿಕ್ಕ ಕಿಟಕಿ, ಭಾರ ಹೊರುವ ನೆಲ, ಭದ್ರವಾದ ಬೀಗ. ಒಳಗಿರುವುದು ಹತ್ತಿಯೋ ತಂಬಾಕೋ ಮೆಣಸೋ. ಅದಕ್ಕೆ ಬೇಕಾದದ್ದು ಮೂರೇ ಸಂಗತಿ: ನೆನೆಯಬಾರದು, ಸುಡಬಾರದು, ಕಳುವಾಗಬಾರದು. ಬೆಳಕಿನ ಅಗತ್ಯ ಅದಕ್ಕಿಲ್ಲ, ಚಳಿ ಅದಕ್ಕೆ ತಿಳಿಯುವುದಿಲ್ಲ. ಇಂಥ ಕಟ್ಟಡದಲ್ಲಿ ಈಗ ಜನ ಹಾಸಿಗೆ ಹಾಸಿ, ಒಲೆ ಹಚ್ಚಿ, ಮಕ್ಕಳನ್ನು ಬೆಳೆಸುತ್ತಿದ್ದಾರೆ. ಲಂಡನ್, ಲಿವರ್‌ಪೂಲ್, ಮ್ಯಾಂಚೆಸ್ಟರ್, ನ್ಯೂಯಾರ್ಕ್, ಆಂಸ್ಟರ್‌ಡಾಂ ಹೀಗೆ ಹಳೆಯ ಬಂದರು ಮತ್ತು ಗಿರಣಿ ನಗರಗಳಲ್ಲೆಲ್ಲ ಗೋದಾಮುಗಳು ಮನೆಗಳಾಗಿವೆ. ಅಷ್ಟೇ ಅಲ್ಲ, ಅವು ಕಡಿಮೆ ಇಂಧನದಲ್ಲಿ ಬೆಚ್ಚಗಿರುವ ಮನೆಗಳೂ ಆಗಬೇಕೆಂಬ ಒತ್ತಾಯ ಈಚಿನ ವರ್ಷಗಳದ್ದು. ಅಲ್ಲೇ ತೊಡಕಿರುವುದು. ಸರಕಿಗಾಗಿ ಕಟ್ಟಿದ ಗೋಡೆಗೆ ಉಸಿರಾಡುವ ಬಾಡಿಗೆದಾರರ ಪರಿಚಯವೇ ಇಲ್ಲ.

ಇದನ್ನು ನೋಡಲು ಲಿವರ್‌ಪೂಲಿಗಿಂತ ಒಳ್ಳೆಯ ಊರು ಸಿಗದು. 19ನೆಯ ಶತಮಾನದಲ್ಲಿ ಜಗತ್ತಿನ ಹತ್ತಿ ವ್ಯಾಪಾರದ ಹೆಬ್ಬಾಗಿಲು ಅದು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಗುಲಾಮರು ಬೆಳೆದು ಬಿಡಿಸಿದ ಹತ್ತಿ ಅಲ್ಲಿ ಇಳಿದು, ಹಿಂದಿನ ಲ್ಯಾಂಕಾಶೈರಿನ ಗಿರಣಿಗಳಿಗೆ ಹೋಗುತ್ತಿತ್ತು. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಆ ಹತ್ತಿ ನಿಂತಾಗ ಗಿರಣಿ ಮಾಲೀಕರ ಕಣ್ಣು ಬಿದ್ದದ್ದು ಭಾರತದ ಮೇಲೆ; ಅದರಲ್ಲೂ ಧಾರವಾಡ ಸೀಮೆಯ ಎರೆಮಣ್ಣಿನ ಮೇಲೆ. ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯನ್ನು 1840ರ ದಶಕದಲ್ಲೇ ಅಲ್ಲಿ ಬೆಳೆಸಿ ನೋಡಿದ್ದಾಗಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತ್ಯದಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದರ ಹಿಂದೆ, ಕಾರವಾರವನ್ನು ಹತ್ತಿಯ ಬಂದರಾಗಿ ಬೆಳೆಸಬೇಕೆಂಬ ಮ್ಯಾಂಚೆಸ್ಟರ್ ವ್ಯಾಪಾರಿಗಳ ಒತ್ತಾಯ ಇತ್ತು. ಕುಮಟಾದಿಂದ ಹಡಗು ಹತ್ತುತ್ತಿದ್ದ ಧಾರವಾಡದ ನಾಡಹತ್ತಿಗೆ ವ್ಯಾಪಾರದ ಭಾಷೆಯಲ್ಲಿ 'ಕುಂಪ್ಟಾ' ಎಂದೇ ಹೆಸರು ಬಿದ್ದಿತ್ತು. ಹೀಗೆ ಘಟ್ಟದ ಮೇಲಿನ ರೈತ ಬೆಳೆದ ಅರಳೆಗೂ ಇಂಗ್ಲೆಂಡಿನ ಹತ್ತಿಪೇಟೆಗೂ ನಂಟು ಬೆಳೆದಿತ್ತು.

ಲಿವರ್‌ಪೂಲಿನ ಗೋದಾಮುಗಳಲ್ಲಿ ಹೆಸರಾದದ್ದು ಆಲ್ಬರ್ಟ್ ಡಾಕ್. ಬಂದರಿನ ಇಂಜಿನಿಯರ್ ಜೆಸ್ಸಿ ಹಾರ್ಟ್‌ಲಿ ಕಟ್ಟಿದ್ದು. 1846ರಲ್ಲಿ ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್ ಅದನ್ನು ಉದ್ಘಾಟಿಸಿದ. ಹಡಗು ನಿಲ್ಲುವ ನೀರಿನ ಅಂಗಳ ನಡುವೆ, ಸುತ್ತ ಐದಂತಸ್ತಿನ ಕೆಂಪು ಇಟ್ಟಿಗೆಯ ಸಾಲುಗಳು. ಹಡಗಿನಿಂದ ಇಳಿಸಿದ ಸರಕು ನೇರವಾಗಿ ಗೋದಾಮಿಗೆ. 1848ರಲ್ಲೇ ಅಲ್ಲಿ ನೀರಿನ ಒತ್ತಡದಿಂದ ನಡೆಯುವ ಎತ್ತುಯಂತಗಳು ಬಂದಿದ್ದವು.

ಹಾರ್ಟ್‌ಲಿಯ ಮುಖ್ಯ ಚಿಂತೆ ಬೆಂಕಿಯದು. ಹತ್ತಿ, ಎಣ್ಣೆ, ಬ್ರಾಂದಿ, ಸಕ್ಕರೆ ಒಂದೇ ಸೂರಿನಡಿ ಇದ್ದಲ್ಲಿ ಒಂದು ಕಿಡಿ ಸಾಕು. ಆದ್ದರಿಂದ ಅವನು ಕಟ್ಟಡದ ಮೈಕಟ್ಟಿನಲ್ಲಿ ಮರವನ್ನೇ ಬಳಸಲಿಲ್ಲ. ಎರಕದ ಕಬ್ಬಿಣದ ಕಂಬ, ಅದರ ಮೇಲೆ ಕಬ್ಬಿಣದ ತೊಲೆ, ತೊಲೆಯಿಂದ ತೊಲೆಗೆ ಇಟ್ಟಿಗೆಯ ಕಮಾನು, ಮಾಡೂ ಕಬ್ಬಿಣದ್ದೇ. ಆ ಭಯ ಸುಳ್ಳಲ್ಲವೆಂದು 1861ರ ಜೂನಿನಲ್ಲಿ ಲಂಡನ್ನಿನ ಟೂಲಿ ಬೀದಿ ತೋರಿಸಿತು. ಥೇಮ್ಸ್ ದಂಡೆಯ ಗೋದಾಮುಗಳಲ್ಲಿ ಹೊತ್ತಿಕೊಂಡ ಬೆಂಕಿ ಪೂರ್ತಿ ಆರಲು ಎರಡು ವಾರ ಹಿಡಿಯಿತು. ಅಗ್ನಿಶಾಮಕ ದಳದ ಮುಖ್ಯಸ್ಥ ಜೇಮ್ಸ್ ಬ್ರೇಡ್‌ವುಡ್ ಗೋಡೆ ಕುಸಿದು ಅಲ್ಲೇ ಸತ್ತ. ಗೋದಾಮುಗಳ ನಡುವೆ ಬೆಂಕಿ ತಡೆಯಲೆಂದೇ ಕಬ್ಬಿಣದ ಬಾಗಿಲುಗಳಿದ್ದವು. ಅವನ್ನು ಮುಚ್ಚಿರಲಿಲ್ಲ!

ಇಷ್ಟು ಭದ್ರವಾಗಿ ಕಟ್ಟಿದ ಆಲ್ಬರ್ಟ್ ಡಾಕ್ ಕೆಲಸಕ್ಕೆ ಬಂದದ್ದು ಮಾತ್ರ ಸ್ವಲ್ಪ ಕಾಲ. ಹಾಯಿ ಹಡಗು ಹೋಗಿ ದೊಡ್ಡ ಉಗಿಹಡಗು ಬಂದಾಗ ಅದರ ಬಾಗಿಲು ಕಿರಿದಾಯಿತು. ಉಳಿದ ಗೋದಾಮುಗಳಿಗೆ ಕುತ್ತು ತಂದದ್ದು ಕಂಟೇನರ್. 1956ರ ಏಪ್ರಿಲಿನಲ್ಲಿ ಅಮೆರಿಕದ 'ಐಡಿಯಲ್ ಎಕ್ಸ್' ಎಂಬ ಹಡಗು 58 ಲೋಹದ ಪೆಟ್ಟಿಗೆಗಳನ್ನು ಹೊತ್ತು ಹೊರಟಿತು. ಸರಕು ಇರುವ ಪೆಟ್ಟಿಗೆಯೇ ಲಾರಿಯೂ ಏರುವುದಾದರೆ ಬಂದರಿನ ಗೋದಾಮು ಯಾರಿಗೆ ಬೇಕು? ಮೂಟೆ ಹೊರುತ್ತಿದ್ದ ಸಾವಿರಾರು ಜನ ಮನೆಗೆ ಹೋದರು. ಆಲ್ಬರ್ಟ್ ಡಾಕ್ 1972ರಲ್ಲಿ ಬಾಗಿಲು ಮುಚ್ಚಿತು. ನೀರಿನ ಅಂಗಳದಲ್ಲಿ ಕೆಸರು ತುಂಬಿತು. ಕೆಡವುವ ಮಾತೂ ನಡೆದಿತ್ತು. 1981ರಲ್ಲಿ ಸರ್ಕಾರ ಒಂದು ಅಭಿವೃದ್ಧಿ ನಿಗಮ ಮಾಡಿ ಕೆಸರೆತ್ತಿಸಿತು. 1988ರಲ್ಲಿ ಅಲ್ಲಿ ಟೇಟ್ ಕಲಾ ಗ್ಯಾಲರಿ ತೆರೆಯಿತು. ಒಂದು ಭಾಗದ ಮೇಲಂತಸ್ತುಗಳಲ್ಲಿ ಸಂಸಾರಗಳು ಬಂದವು.

ಗೋದಾಮಿನಲ್ಲಿ ಮನೆ ಮಾಡುವ ಗೀಳು ಅದಕ್ಕಿಂತ ಹಳೆಯದು. ನ್ಯೂಯಾರ್ಕಿನ ಸೋಹೊ ಎಂಬ ಕೇರಿಯಲ್ಲಿ ಬಟ್ಟೆ ಕಾರ್ಖಾನೆಗಳೂ ದಾಸ್ತಾನು ಮಳಿಗೆಗಳೂ ಖಾಲಿಬಿದ್ದಾಗ ಬಡ ಕಲಾವಿದರು ಕಡಿಮೆ ಬಾಡಿಗೆಗೆ ಒಳಹೊಕ್ಕರು. 1967ರಲ್ಲಿ ಜಾರ್ಜ್ ಮಚೂನಸ್ ಎಂಬ ಕಲಾವಿದ ಅಲ್ಲಿ ಸಹಕಾರಿ ಪದ್ಧತಿಯ ಮನೆಗಳನ್ನು ಆರಂಭಿಸಿದ. ಅಲ್ಲಿ ವಾಸಿಸುವುದು ಕಾನೂನಿಗೆ ವಿರುದ್ಧ. ಕಾರ್ಖಾನೆಯ ಹೊತ್ತು ಮುಗಿದರೆ ಬಾಯ್ಲರ್ ಆರುತ್ತಿತ್ತು. ರಾತ್ರಿ ಮತ್ತು ರಜಾದಿನಗಳಲ್ಲಿ ಅವರು ಕೋಟು ಹೊದ್ದು ಕುಳಿತಿರುತ್ತಿದ್ದರು. 1971ರಲ್ಲಿ ಕಲಾವಿದರಿಗೆ ಮಾತ್ರ ಎಂಬ ಷರತ್ತಿನೊಂದಿಗೆ ಅನುಮತಿ ಬಂತು, 1982ರಲ್ಲಿ ಬಾಡಿಗೆದಾರರ ರಕ್ಷಣೆಗೊಂದು ಕಾನೂನೂ ಬಂತು. ಅಷ್ಟರಲ್ಲಿ ಎತ್ತರದ ಚಾವಣಿ, ದೊಡ್ಡ ಕಿಟಕಿಯ ಆ ಮನೆಗಳು ಹಣವಂತರ ಕಣ್ಣಿಗೆ ಬಿದ್ದಾಗಿತ್ತು. ಬಾಡಿಗೆ ಏರಿತು, ಕಲಾವಿದರು ಹೊರಬಿದ್ದರು. ಹಳೆಯ ಗೋದಾಮನ್ನು ಮನೆ ಮಾಡುವ ಮಾತು ಬಂದಲ್ಲೆಲ್ಲ ಈ ಕಥೆ ಬೇರೆ ಬೇರೆ ಹೆಸರಿನಲ್ಲಿ ನಡೆದಿದೆ.

ಆದರೆ ಆ ಕೋಟು ಹೊದ್ದ ಕಲಾವಿದರ ಚಳಿಯನ್ನು ಸ್ವಲ್ಪ ವಿಚಾರಿಸಬೇಕು. ಗೋದಾಮಿನ ದಪ್ಪ ಗೋಡೆ ಬೆಚ್ಚಗಿರುತ್ತದೆಂದು ನೋಡಿದವರಿಗೆಲ್ಲ ಅನಿಸುತ್ತದೆ. ಇಟ್ಟಿಗೆ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ, ನಿಜ; ತಡೆಯುವುದಿಲ್ಲ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯ ಒಂದು ಚದರ ಮೀಟರಿನಿಂದ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ, ಸುಮಾರು 2 ವಾಟ್ ಶಾಖ ಸೋರುತ್ತದೆ. ಲಿವರ್‌ಪೂಲಿನ ಚಳಿಗಾಲದಲ್ಲಿ ಹೊರಗೆ 5 ಡಿಗ್ರಿ, ಒಳಗೆ 20 ಡಿಗ್ರಿ ಎಂದಿಟ್ಟುಕೊಳ್ಳಿ. 100 ಚದರ ಮೀಟರ್ ಗೋಡೆಯಿಂದ 3000 ವಾಟ್ ಹೋಯಿತು. ಸಾವಿರ ವಾಟಿನ ಮೂರು ಇಸ್ತ್ರಿಪೆಟ್ಟಿಗೆಗಳನ್ನು ಹಗಲಿರುಳು ಬೀದಿಗೆ ಮುಖಮಾಡಿ ಉರಿಸಿಟ್ಟಂತೆ. ಗೋದಾಮಿನ ಗೋಡೆ ಇನ್ನೂ ದಪ್ಪನಾದ್ದರಿಂದ ನಷ್ಟ ತುಸು ಕಡಿಮೆ. ಆದರೆ ಗೋಡೆ ಎರಡರಷ್ಟು ದಪ್ಪವಾದ ಮಾತ್ರಕ್ಕೆ ನಷ್ಟ ಅರ್ಧವಾಗುವುದಿಲ್ಲ. ಅದೇ ಗೋಡೆಗೆ ನಾಲ್ಕು ಇಂಚು ಶಾಖನಿರೋಧಕ ಪದರ ಕೊಟ್ಟರೆ 3000 ವಾಟ್ ಇದ್ದದ್ದು 450ರ ಆಸುಪಾಸಿಗೆ ಇಳಿಯುತ್ತದೆ.

ಹಾಗಾದರೆ ಕೊಟ್ಟುಬಿಟ್ಟರಾಯಿತಲ್ಲ? ಪದರವನ್ನು ಹೊರಗಡೆ ಕೊಟ್ಟರೆ ತೊಂದರೆ ಕಡಿಮೆ. ಮನುಷ್ಯ ಅಂಗಿಯ ಮೇಲೆ ಸ್ವೆಟರ್ ಹಾಕಿಕೊಂಡ ಹಾಗೆ, ಗೋಡೆ ಬೆಚ್ಚಗೆ ಒಳಗುಳಿಯುತ್ತದೆ. ಆದರೆ ಹೊರಗಿನ ಆ ಕೆಂಪು ಇಟ್ಟಿಗೆಯ ಮುಖಕ್ಕಾಗಿಯೇ ಅಲ್ಲವೆ ಕಟ್ಟಡವನ್ನು ಉಳಿಸಿಕೊಂಡದ್ದು? ಸಂರಕ್ಷಿತ ಕಟ್ಟಡವಾದರೆ ಕಾನೂನೂ ಬಿಡುವುದಿಲ್ಲ. ಆದ್ದರಿಂದ ಪದರ ಒಳಗಡೆಗೇ ಬರಬೇಕು. ಬಂದ ದಿನದಿಂದ ಗೋಡೆಯ ಬದುಕು ಬದಲಾಗುತ್ತದೆ.

ನಾಲ್ಕು ಜನರ ಒಂದು ಸಂಸಾರ ಉಸಿರಾಡಿ, ಅಡುಗೆ ಮಾಡಿ, ಸ್ನಾನ ಮಾಡಿ, ಬಟ್ಟೆ ಒಣಗಿಸಿ ದಿನಕ್ಕೆ ಸುಮಾರು 10 ಲೀಟರ್ ನೀರನ್ನು ಆವಿಯಾಗಿ ಮನೆಯೊಳಗೆ ಬಿಡುತ್ತದೆ. ಹತ್ತಿಯ ಅಂಡಿಗೆ ಹೀಗೆಲ್ಲ ಮಾಡುವುದಿಲ್ಲ. ಒಂದೂವರೆ ಶತಮಾನ ಆ ಗೋಡೆಯ ಒಳಗೂ ಹೊರಗೂ ಬಹುಮಟ್ಟಿಗೆ ಒಂದೇ ಚಳಿ, ಒಂದೇ ತೇವ. ಮಳೆ ಬಂದಾಗ ಇಟ್ಟಿಗೆ ನೀರು ಕುಡಿಯುತ್ತಿತ್ತು, ಬಿಸಿಲು ಗಾಳಿ ಬಂದಾಗ ಎರಡೂ ಕಡೆಯಿಂದ ಒಣಗುತ್ತಿತ್ತು. ಈಗ ಒಳಗೆ 20 ಡಿಗ್ರಿಯ, ನೂರಕ್ಕೆ 60ರಷ್ಟು ತೇವದ ಗಾಳಿ. ಅಂಥ ಗಾಳಿ 12 ಡಿಗ್ರಿಗಿಂತ ತಣ್ಣಗಿರುವ ಯಾವ ಮೈಗೆ ತಾಗಿದರೂ ನೀರು ಬಿಡುತ್ತದೆ. ತಣ್ಣೀರು ತುಂಬಿದ ಹಿತ್ತಾಳೆ ಚೊಂಬು ಬೆವರುವುದನ್ನು ಎಲ್ಲರೂ ನೋಡಿದ್ದಾರೆ. ಪದರದ ಹಿಂದೆ ಅಡಗಿ ಕುಳಿತ ಇಟ್ಟಿಗೆ ಆ ಚೊಂಬು. ಮನೆಯ ಶಾಖ ಈಗ ಅದಕ್ಕೆ ತಲುಪುವುದಿಲ್ಲವಾದ್ದರಿಂದ ಅದು ಏಳು ಡಿಗ್ರಿಗೋ ಆರಕ್ಕೋ ಇಳಿದಿರುತ್ತದೆ. ಪದರದ ಸಂದಿಯಲ್ಲಿ, ಸ್ವಿಚ್ಚಿನ ಪೆಟ್ಟಿಗೆಯ ಹಿಂದಿನ ತೂತಿನಲ್ಲಿ ನುಸುಳಿದ ಗಾಳಿ ಅಲ್ಲಿ ಹನಿಗಟ್ಟುತ್ತದೆ. ಹೊರಗಿನಿಂದ ಮಳೆ ನೀರು ಬೇರೆ. ಒಳಮುಖವಾಗಿ ಒಣಗುವ ದಾರಿ ಮುಚ್ಚಿಹೋಗಿದೆ.

ಇದು ಕಣ್ಣಿಗೆ ಕಾಣುವುದಿಲ್ಲ ಎಂಬುದೇ ಇದರ ಅಪಾಯ. ಹೊಸ ಗೋಡೆಗೆ ಬಳಿದ ಬಣ್ಣ ಬೆಳ್ಳಗೇ ಇರುತ್ತದೆ. ಆಲ್ಬರ್ಟ್ ಡಾಕಿನಲ್ಲಿ ಮರವಿಲ್ಲ. ಆದರೆ ಇಂಗ್ಲೆಂಡಿನ ಬಹುಪಾಲು ಗೋದಾಮುಗಳ ನೆಲವನ್ನು ಹೊತ್ತಿರುವುದು ಮರದ ತೊಲೆಗಳು. ಅವುಗಳ ತುದಿ ಗೋಡೆಯೊಳಗೆ ಹುದುಗಿರುತ್ತದೆ. ಮರದ ತೂಕದಲ್ಲಿ ನೀರಿನ ಪಾಲು ನೂರಕ್ಕೆ 20 ದಾಟಿ ಹಾಗೆಯೇ ನಿಂತರೆ ಬೂಸಿಗೆ ಆಹ್ವಾನ ಕೊಟ್ಟ ಹಾಗೆ. ಯುರೋಪಿನ ಹಳೆ ಮನೆಗಳಿಗೆ ಕಂಟಕವಾದ ಒಂದು ಬೂಸಿನ ಶಾಸ್ತ್ರೀಯ ಹೆಸರು ಸೆರ್ಪುಲಾ ಲ್ಯಾಕ್ರಿಮಾನ್ಸ್; ಎರಡನೆಯ ಪದಕ್ಕೆ ಅಳುವಂಥದು ಎಂದು ಅರ್ಥ. ಅದು ಬೆಳೆಯುತ್ತ ಹನಿಹನಿಯಾಗಿ ನೀರು ಒಸರುತ್ತದೆ. ಮನೆಯವರ ಕಣ್ಣಲ್ಲಿ ನೀರು ಬರುವುದು ಆಮೇಲೆ, ತೊಲೆಯ ತುದಿ ಹಿಟ್ಟಾಗಿ ನೆಲ ಬಾಗಿದಾಗ. ಇಂಧನ ಉಳಿಸಲೆಂದು ಮಾಡಿದ ಕೆಲಸ ನೂರಾರು ವರ್ಷ ನಿಂತ ಕಟ್ಟಡವನ್ನು ಕೆಲವೇ ವರ್ಷಗಳಲ್ಲಿ ಕೆಡಿಸುವುದೆಂದರೆ ಹೀಗೆ. ಕಬ್ಬಿಣದ ತೊಲೆಗಾದರೂ ಬೇರೆ ರಗಳೆಯಿದೆ. ಕಬ್ಬಿಣ ಶಾಖಕ್ಕೆ ರಾಜಮಾರ್ಗ. ಗೋಡೆಗೆ ಎಷ್ಟು ಪದರ ಹೊದಿಸಿದರೂ ಅದನ್ನು ಸೀಳಿಕೊಂಡು ಒಳಬರುವ ತೊಲೆ ಹೊರಗಿನ ಚಳಿಯನ್ನು ಮನೆಯ ನಡುವಿಗೆ ತರುತ್ತದೆ, ತಾನೂ ಬೆವರುತ್ತದೆ.

ಹಳೆಯ ಗೋಡೆ ಇಷ್ಟು ಕಾಲ ಬಾಳಿದ್ದರ ಗುಟ್ಟು ಸುಣ್ಣದ ಗಾರೆ. ಸುಣ್ಣ ತೇವವನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಹೊರಗೂ ಬಿಡುತ್ತದೆ. ನಮ್ಮ ಹಳೆ ಮನೆಗಳ ಗಾರೆಯ ಗುಣವೂ ಇದೇ. 20ನೆಯ ಶತಮಾನದಲ್ಲಿ ರಿಪೇರಿಗೆ ಬಂದವರು ಸಂದುಗಳಿಗೆ ಸಿಮೆಂಟ್ ತುಂಬಿದರು. ಸಿಮೆಂಟ್ ಗಟ್ಟಿ, ನೀರು ಬಿಡದು. ಒಳಗೆ ಸಿಕ್ಕಿಬಿದ್ದ ತೇವ ಇಟ್ಟಿಗೆಯ ಮುಖವನ್ನೇ ಸೀಳಿ ಹೊರಬರುತ್ತದೆ. ಆದ್ದರಿಂದ ಬಲ್ಲವರು ಮಾಡುವ ಮೊದಲ ಕೆಲಸ ಹೊಸತನ್ನು ಸೇರಿಸುವುದಲ್ಲ, ಆ ಸಿಮೆಂಟನ್ನು ಕೆರೆದು ತೆಗೆಯುವುದು. ಮಳೆನೀರಿನ ದೋಣಿ, ಕೊಳವೆಗಳನ್ನು ಸರಿಪಡಿಸುವುದು. ಒದ್ದೆ ಗೋಡೆ ಒಣ ಗೋಡೆಗಿಂತ ಬಹಳ ಹೆಚ್ಚು ಶಾಖ ಸೋರಿಸುತ್ತದೆ. ಬರೀ ಒಣಗಿಸುವುದರಿಂದಲೇ ಎಷ್ಟೋ ಉಳಿತಾಯ.

ವಿಲಿಯಂ ಮಾರಿಸ್ 1877ರಲ್ಲಿ ಸ್ಥಾಪಿಸಿದ ಪುರಾತನ ಕಟ್ಟಡಗಳ ರಕ್ಷಣಾ ಸಂಘ ಇಂದಿಗೂ ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದೆ. ಆ ಸಂಘದವರು ಹಳೆ ಗೋಡೆಗಳಿಗೆ ಉಪಕರಣ ಕಟ್ಟಿ ಅಳೆದು ನೋಡಿದಾಗ, ಅನೇಕ ಗೋಡೆಗಳು ಪುಸ್ತಕದ ಲೆಕ್ಕ ಹೇಳುವಷ್ಟು ಶಾಖವನ್ನು ಸೋರಿಸುವುದಿಲ್ಲವೆಂದು ತಿಳಿಯಿತು. ಅಂದರೆ ಲೆಕ್ಕ ನಂಬಿ ಹೊದಿಸಿದ ಪದರ ಕೆಲವೆಡೆ ಬೇಕಾದದ್ದಕ್ಕಿಂತ ದಪ್ಪ. ಈಗ ಜಾಣತನವೆನಿಸಿಕೊಂಡಿರುವುದು ಮಿತವಾದ ಪದರ, ಅದೂ ಆವಿಯನ್ನು ಹಾಯಬಿಡುವಂಥದು: ಮರದ ನಾರಿನ ಹಲಗೆ, ಸುಣ್ಣ ಬೆರೆಸಿದ ಸೆಣಬಿನ ಜಾತಿಯ ದಂಟಿನ ಚೂರು, ಕ್ಯಾಲ್ಸಿಯಂ ಸಿಲಿಕೇಟಿನ ಹಲಗೆ. ಪದರಕ್ಕೂ ಇಟ್ಟಿಗೆಗೂ ನಡುವೆ ಖಾಲಿ ಜಾಗ ಬಿಡದೆ ಮೆತ್ತಿ, ಮೇಲೆ ಸುಣ್ಣದ ಗಿಲಾಯ. ಹೊಳೆಯುವ ತಗಡಿನ ಹಾಳೆ ಹೊದ್ದ ಪ್ಲಾಸ್ಟಿಕ್ ನೊರೆಯ ಹಲಗೆಗಳು ತೆಳುವಾಗಿಯೂ ಹೆಚ್ಚು ಬೆಚ್ಚಗೆ ಇಡುತ್ತವೆ, ಹೌದು. ಆದರೆ ತೇವಕ್ಕೆ ಅವು ಮುಚ್ಚಿದ ಬಾಗಿಲು.

ನೊರೆಯ ಹಲಗೆಗೆ ಇನ್ನೊಂದು ಆಕ್ಷೇಪವೂ ಉಂಟು. ಲಂಡನ್ನಿನ ಗ್ರೆನ್‌ಫೆಲ್ ಟವರ್ ಗೋದಾಮಲ್ಲ, ಬಡವರಿದ್ದ ಬಹುಮಹಡಿ ವಸತಿ. 2016ರಲ್ಲಿ ಮುಗಿದ ದುರಸ್ತಿಯಲ್ಲಿ ಅದರ ಹೊರಮೈಗೆ ನೊರೆಯ ಶಾಖನಿರೋಧಕವನ್ನೂ ಅದರ ಮೇಲೆ ಪ್ಲಾಸ್ಟಿಕ್ ತಿರುಳಿನ ಅಲ್ಯೂಮಿನಿಯಂ ಹಲಗೆಗಳನ್ನೂ ಹೊದಿಸಿದ್ದರು. 2017ರ ಜೂನಿನಲ್ಲಿ ಒಂದು ಮನೆಯ ಅಡುಗೆಕೋಣೆಯಲ್ಲಿ ಹತ್ತಿದ ಬೆಂಕಿ ಆ ಹೊದಿಕೆಯ ಮೂಲಕ ಇಡೀ ಕಟ್ಟಡವನ್ನು ಏರಿತು. 72 ಜನ ಸತ್ತರು. ಹಾರ್ಟ್‌ಲಿ 1840ರ ದಶಕದಲ್ಲಿ ಒಂದು ತುಂಡು ಮರವನ್ನೂ ನಂಬದೆ ಕಟ್ಟಿದ ಗೋದಾಮಿನೊಳಗೆ ಇಂದು ಏನನ್ನು ತರಬೇಕು, ಏನನ್ನು ತರಬಾರದು ಎಂದು ಕೇಳುವವರಿಗೆ ಆ ಹೊರಮೈಯ ಹೊದಿಕೆ ಒಂದು ಉತ್ತರ ಕೊಟ್ಟಿದೆ.

ಗೋಡೆಯದೇ ಇಷ್ಟು ಮಾತಾಯಿತು. ಮಾಡು, ಕಿಟಕಿಗಳ ವಿಷಯ ಸರಳ. ಮಾಡಿಗೆ ದಪ್ಪ ಪದರ ಕೊಡಲು ಸಾಮಾನ್ಯವಾಗಿ ಅಡ್ಡಿಯಿಲ್ಲ, ಖರ್ಚೂ ಕಡಿಮೆ. ಆದ್ದರಿಂದ ಅದೇ ಮೊದಲು. ಹಳೆಯ ಕಬ್ಬಿಣದ ಚೌಕಟ್ಟಿನ ಕಿಟಕಿಯನ್ನು ಕಿತ್ತೆಸೆಯದೆ, ಒಳಗಡೆ ಇನ್ನೊಂದು ಗಾಜಿನ ಕಿಟಕಿ ಕೂರಿಸಿದರೆ ಅದರ ಮೂಲಕ ಸೋರುವ ಶಾಖ ಅರ್ಧಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ, ಬೀದಿಯ ಗದ್ದಲವೂ ಇಳಿಯುತ್ತದೆ.

ಇನ್ನು ಗಾಳಿ. ಹಳೆಯ ಕಟ್ಟಡದಲ್ಲಿ ಬಿರುಕು, ಸಂದು, ಹೊಂದದ ಬಾಗಿಲು ಎಲ್ಲ ಸೇರಿ ಕಿಟಕಿ ತೆರೆದಿಟ್ಟಷ್ಟೇ ಗಾಳಿ ಓಡಾಡುತ್ತದೆ. ಜರ್ಮನಿಯ ಡಾರ್ಮ್‌ಸ್ಟಾಟ್ ಊರಿನಲ್ಲಿ 1990-91ರಲ್ಲಿ ಮೊದಲ 'ಪಾಸಿವ್‌ಹೌಸ್' ಮನೆಗಳನ್ನು ಕಟ್ಟಿದವರು ಇದನ್ನು ಅಳೆಯುವ ಪದ್ಧತಿಯನ್ನು ಕಡ್ಡಾಯ ಮಾಡಿದರು. ಬಾಗಿಲಿಗೆ ದೊಡ್ಡ ಫ್ಯಾನ್ ಕೂರಿಸಿ ಒಳಗಿನ ಗಾಳಿಯನ್ನು ಒಂದು ಗೊತ್ತಾದ ಒತ್ತಡದಲ್ಲಿ ಎಳೆದು, ಗಂಟೆಗೆ ಮನೆಯ ಗಾಳಿ ಎಷ್ಟು ಬಾರಿ ಬದಲಾಯಿತೆಂದು ನೋಡುತ್ತಾರೆ. ಹೊಸ ಮನೆಗೆ 0.6 ಬಾರಿ ಮಿತಿ. ಹಳೆಯ ಕಟ್ಟಡಗಳಿಂದ ಅಷ್ಟನ್ನು ನಿರೀಕ್ಷಿಸುವುದು ಅನ್ಯಾಯವೆಂದು 2010ರಲ್ಲಿ 'ಎನರ್‌ಫಿಟ್' ಎಂಬ ಸಡಿಲ ಮಾನದಂಡ ಬಂತು, ಅದರಲ್ಲಿ 1.0 ಬಾರಿ. ಬೆಚ್ಚಗಿಡಲು ವರ್ಷಕ್ಕೆ ಚದರ ಮೀಟರಿಗೆ ಹೊಸ ಮನೆ 15 ಯೂನಿಟ್ ಶಾಖ ಬಳಸಬಹುದಾದರೆ, ಮಧ್ಯ ಯುರೋಪಿನಂಥ ಹವೆಯಲ್ಲಿ ಹಳೆಯದಕ್ಕೆ 25. ಸಂದುಗಳೆಲ್ಲ ಮುಚ್ಚಿದ ಮೇಲೆ ಆ 10 ಲೀಟರ್ ಆವಿ ಹೋಗುವುದೆಲ್ಲಿಗೆ? ಅದಕ್ಕಾಗಿ ಒಂದು ಗಾಳಿಯಂತ್ರ. ಹೊರಹೋಗುವ ಬಿಸಿ ಗಾಳಿ ಮತ್ತು ಒಳಬರುವ ತಣ್ಣನೆಯ ಗಾಳಿ ತೆಳು ತಗಡುಗಳ ಎರಡು ಬದಿಯಲ್ಲಿ ಒಂದನ್ನೊಂದು ಮುಟ್ಟದೆ ಹಾದುಹೋಗುತ್ತವೆ. ಬಿಸಿ ಮಾತ್ರ ದಾಟಿಕೊಳ್ಳುತ್ತದೆ. ಇದನ್ನು ಬಿಟ್ಟು ಬರೀ ಸಂದು ಮುಚ್ಚಿದರೆ ಗೋಡೆಗೆ ಮೇಲೆ ಹೇಳಿದ ಗತಿ.

ಎತ್ತರದ ಗೋದಾಮಿನಲ್ಲಿ ಇನ್ನೊಂದು ಉಪಾಯವುಂಟು. ಇಡೀ ಹಜಾರವನ್ನು ಬಿಸಿ ಮಾಡಲು ಹೋಗದೆ ಅದರೊಳಗೆ ಮರದ ಚೌಕಟ್ಟಿನ, ಚೆನ್ನಾಗಿ ಹೊದಿಸಿದ ಚಿಕ್ಕ ಮನೆಯೊಂದನ್ನು ಕಟ್ಟುವುದು. ಹಳೆಯ ಗೋಡೆ ಮಳೆಗಾಳಿಗೆ ಕೊಡೆಯಾಗಿ ಮೊದಲಿನಂತೆಯೇ ತಣ್ಣಗೆ ಉಳಿಯುತ್ತದೆ, ಎರಡೂ ಕಡೆ ಒಣಗುತ್ತದೆ. ನೋಡುವವರಿಗೆ ಇದು ಗೋದಾಮಿನಲ್ಲಿಟ್ಟ ದೊಡ್ಡ ಪೆಟ್ಟಿಗೆಯಂತೆ ಕಾಣಬಹುದು. ಕಟ್ಟಡಕ್ಕೆ ಮಾತ್ರ ಇದಕ್ಕಿಂತ ಮರ್ಯಾದೆಯ ದಾರಿ ಮತ್ತೊಂದಿಲ್ಲ. ಬೇಡವಾದಾಗ ಬಿಚ್ಚಿ ತೆಗೆಯಲೂಬಹುದು.

ಎಲ್ಲ ಗೋದಾಮೂ ಇಷ್ಟು ಸುಲಭವಾಗಿ ಬಗ್ಗುವುದಿಲ್ಲ. ಲಿವರ್‌ಪೂಲಿನ ಸ್ಟ್ಯಾನ್ಲಿ ಡಾಕಿನಲ್ಲಿ 1901ರಲ್ಲಿ ಕಟ್ಟಿದ ತಂಬಾಕಿನ ಗೋದಾಮಿದೆ. 14 ಅಂತಸ್ತು, 2 ಕೋಟಿ 70 ಲಕ್ಷ ಇಟ್ಟಿಗೆ. ಕಟ್ಟಿದಾಗ ಜಗತ್ತಿನ ಅತಿ ದೊಡ್ಡ ಇಟ್ಟಿಗೆ ಕಟ್ಟಡಗಳಲ್ಲೊಂದು. ತಂಬಾಕಿನ ಪೀಪಾಯಿಗಳಿಗೆ ಸಾಕೆಂದು ಅಂತಸ್ತುಗಳ ಎತ್ತರ ಏಳಡಿಗಿಂತ ತುಸು ಹೆಚ್ಚು, ಅಷ್ಟೆ. ಅಗಲವಂತೂ ನಡುಭಾಗಕ್ಕೆ ಹಗಲಿನಲ್ಲೂ ಬೆಳಕು ಹೋಗದಷ್ಟು. 1980ರ ದಶಕದಲ್ಲಿ ಖಾಲಿಯಾದ ಅದನ್ನು ಏನು ಮಾಡಬೇಕೆಂದು ಬಹಳ ಕಾಲ ಯಾರಿಗೂ ತೋಚಲಿಲ್ಲ. ಕಡೆಗೆ ಕಟ್ಟಡದ ಹೊಟ್ಟೆಯನ್ನೇ ಕೊರೆದು ನಡುವೆ ತೆರೆದ ಅಂಗಳ ಮಾಡಿ, ಸುತ್ತ ಮನೆಗಳನ್ನು ಜೋಡಿಸಿದರು. ನಮ್ಮ ತೊಟ್ಟಿಮನೆಯ ತತ್ವವೇ, 14 ಅಂತಸ್ತಿನಲ್ಲಿ. ಈಗ ಅಲ್ಲಿ ಜನವಾಸವಿದೆ.

ಕೊರೆದು ಒಳಗೆ ಹೊಸ ಕಾಮಗಾರಿ ಮಾಡುವ ಬದಲು ಕೆಡವಿ ಹೊಸದು ಕಟ್ಟಬಹುದಿತ್ತಲ್ಲವೆ? ಈ ಪ್ರಶ್ನೆಗೆ ಹಿಂದೆ ಇತಿಹಾಸಪ್ರೇಮಿಗಳು ಮಾತ್ರ ಉತ್ತರ ಕೊಡುತ್ತಿದ್ದರು, ಈಗ ಹವಾಮಾನದ ಲೆಕ್ಕಿಗರೂ ಕೊಡುತ್ತಾರೆ. ಇಂದಿನ ಒಳ್ಳೆಯ ಭಟ್ಟಿಯಲ್ಲೂ ಒಂದು ಇಟ್ಟಿಗೆ ಸುಡಲು ಒಂದೆರಡು ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬೇಕು. ತಂಬಾಕಿನ ಗೋದಾಮಿನ ಇಟ್ಟಿಗೆಗಳಿಗೆ ಹೀಗೆ ಕೋಟಿಗಟ್ಟಲೆ ಯೂನಿಟ್. ಇದನ್ನು ಹೇಳಿ, ಆ ಶಕ್ತಿ ಗೋಡೆಯಲ್ಲಿ ಠೇವಣಿ ಇದೆಯೆಂಬಂತೆ ಮಾತಾಡುವವರಿದ್ದಾರೆ. ಅದು ಸರಿಯಲ್ಲ, ಆ ಕಲ್ಲಿದ್ದಲು ಉರಿದುಹೋಗಿ ನೂರು ವರ್ಷದ ಮೇಲಾಯಿತು, ವಾಪಸು ಬಾರದು. ನಿಜವಾದ ಲಾಭ ಬೇರೆ ಕಡೆಯಿದೆ. ಹಳೆಯದು ನಿಂತರೆ ಹೊಸದಾಗಿ ಸಿಮೆಂಟ್, ಉಕ್ಕು ಅಷ್ಟು ಪ್ರಮಾಣದಲ್ಲಿ ಬೇಕಾಗುವುದಿಲ್ಲ. ಹೊಸ ಕಟ್ಟಡ ಎಷ್ಟೇ ಮಿತವ್ಯಯಿಯಾದರೂ, ಕಟ್ಟುವಾಗ ಉಗುಳಿದ ಇಂಗಾಲದ ಸಾಲವನ್ನು ತನ್ನ ಉಳಿತಾಯದಿಂದ ತೀರಿಸಲು ಅದಕ್ಕೆ ಎಷ್ಟೋ ವರ್ಷಗಳು ಹಿಡಿಯುತ್ತವೆ.

ಅಂದಹಾಗೆ ಲಿವರ್‌ಪೂಲಿನ ಬಂದರು ಪ್ರದೇಶ 2004ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿತ್ತು. 2021ರಲ್ಲಿ ಪಟ್ಟಿಯಿಂದ ಬಿದ್ದಿತು. ಹಳೆಯದನ್ನು ಕೆಡಿಸಿದ್ದಕ್ಕಿಂತ ಹೆಚ್ಚಾಗಿ, ಪಕ್ಕದಲ್ಲಿ ಎದ್ದ ಮತ್ತು ಏಳಲಿದ್ದ ಹೊಸ ಕಟ್ಟಡಗಳೇ ಅದಕ್ಕೆ ಕಾರಣ.

ಇಷ್ಟೆಲ್ಲ ಓದಿ ಮಂಗಳೂರಿನ ಬಂದರಿನ ಕಡೆ ಹಳೆಯ ಗೋದಾಮು ಹುಡುಕ ಹೊರಡುವವರು ಒಂದು ಸಂಗತಿ ನೆನಪಿಡಬೇಕು. ಚಳಿದೇಶದ ವಿದ್ಯೆ ಅಲ್ಲಿ ತಲೆಕೆಳಗು. ಲಿವರ್‌ಪೂಲಿನಲ್ಲಿ ಆವಿ ಒಳಗಿನಿಂದ ಹೊರಗೆ ಹೋಗಲು ನೋಡುತ್ತದೆ. ಕರಾವಳಿಯಲ್ಲಿ ಹೊರಗಿನಿಂದ ಒಳಗೆ. ಆಷಾಢದ ಗಾಳಿ 25 ಡಿಗ್ರಿಯ ಮೈ ಸಿಕ್ಕಿದರೂ ನೀರು ಬಿಡುವಷ್ಟು ತೇವದಿಂದ ತುಂಬಿರುತ್ತದೆ. ಕೋಣೆಗೆ ಎ.ಸಿ. ಹಾಕಿ 22ಕ್ಕೆ ಇಳಿಸಿ, ಗೋಡೆಯ ಒಳಮೈಗೆ ಪ್ಲಾಸ್ಟಿಕ್ ಹಾಳೆಯನ್ನೋ ರಬ್ಬರಿನಂಥ ವಾಲ್‌ಪೇಪರನ್ನೋ ಅಂಟಿಸಿದರೆ, ಹೊರಗಿನ ತೇವ ಕಲ್ಲಿನೊಳಗಿಂದ ಬಂದು ಅದರ ಹಿಂದೆ ನಿಂತು ಕಪ್ಪು ಬೂಸು ಹಿಡಿಯುತ್ತದೆ. ಯುರೋಪಿನಲ್ಲಿ ಸರಿಯಾದ ಜಾಗವೇ ಇಲ್ಲಿ ತಪ್ಪು ಜಾಗ.

ಇಲ್ಲಿ ಶಾಖ ಬರುವುದು ಮುಖ್ಯವಾಗಿ ಮಾಡಿನಿಂದ. ಕೇಂದ್ರದ ಇಂಧನ ದಕ್ಷತಾ ಬ್ಯೂರೊ 2018ರಲ್ಲಿ ಹೊರತಂದ 'ಇಕೊ ನಿವಾಸ್ ಸಂಹಿತಾ' ಎಂಬ ವಸತಿ ಕಟ್ಟಡಗಳ ನಿಯಮಾವಳಿ, ಮಾಡಿನ ಒಂದು ಚದರ ಮೀಟರಿನಿಂದ ಡಿಗ್ರಿಗೆ 1.2 ವಾಟಿಗಿಂತ ಹೆಚ್ಚು ಶಾಖ ದಾಟಬಾರದೆಂದು ಹೇಳುತ್ತದೆ. ಬರಿಯ ಕಾಂಕ್ರೀಟ್ ತಾರಸಿ ಇದರ ದುಪ್ಪಟ್ಟಿಗೂ ಮೀರಿ ದಾಟಿಸುತ್ತದೆ. ಕರಾವಳಿಯ ಹಳೆಯ ಗೋದಾಮುಗಳ ಮೇಲಿರುವುದು ಹೆಂಚು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಆ ಹೆಂಚಿಗೆ ಮಂಗಳೂರಿನ ಹೆಸರು ಬಂತು. ಒಂದೊಂದು ಹೆಂಚಿನ ಸಂದಿನಲ್ಲೂ ಗಾಳಿ ನುಸುಳುವುದರಿಂದ ಒಳಗಿನ ಬಿಸಿಗಾಳಿ ಏರಿ ಹೊರಟುಹೋಗುತ್ತದೆ. ಅಂಥ ಗೋದಾಮನ್ನು ಮನೆ ಮಾಡುವವರು ಹೆಂಚು ತೆಗೆದು ತಾರಸಿ ಹಾಕಿದರೆ ಇದ್ದ ತಂಪನ್ನೂ ಕಳೆದುಕೊಂಡಂತೆ. ಹೆಂಚನ್ನು ಉಳಿಸಿ, ಅದರ ಕೆಳಗೆ ಗಾಳಿ ಓಡಲು ಮೂರು ನಾಲ್ಕು ಇಂಚು ಬಿಟ್ಟು ಹಲಗೆಯ ಒಳಚಾವಣಿ, ಅದರ ಬೆನ್ನಿಗೆ ಶಾಖನಿರೋಧಕ ಪದರ. ಸೂರಿನಂಚಿನಲ್ಲಿ ಗಾಳಿ ಒಳಬರಲು, ನೆತ್ತಿಯಲ್ಲಿ ಹೊರಹೋಗಲು ಜಾಲರಿ ಹೊಡೆದ ಬಿಡುವು. ಮುರಕಲ್ಲಿನ ಗೋಡೆಗೆ ಸುಣ್ಣ. ಮೂಟೆ ಒಳತರುತ್ತಿದ್ದ ದೊಡ್ಡ ಬಾಗಿಲಿಗೆ ಜಡಿಮಳೆಯಲ್ಲೂ ತೆರೆದಿಡಬಹುದಾದ ಓರೆಪಟ್ಟಿಯ ಕದ, ಮತ್ತು ಎದುರು ಗೋಡೆಯಲ್ಲಿ ಅಷ್ಟೇ ದೊಡ್ಡ ಇನ್ನೊಂದು ಕಿಂಡಿ. ಗೋದಾಮುಗಳಲ್ಲಿ ಸಾಮಾನ್ಯವಾಗಿ ಇಲ್ಲದಿರುವುದು ಆ ಎರಡನೆಯ ಕಿಂಡಿಯೇ. ಅದನ್ನು ಎಲ್ಲಿ ಕೊರೆಯಬೇಕೆಂಬುದನ್ನು ಮಳೆಗಾಲದ ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ನೋಡಿ ನಿರ್ಧರಿಸಬೇಕಾಗುತ್ತದೆ.